ಶಾಲೆಯ ಕಂಪ್ಯೂಟರು ಯಾರ ಕೈಯಲ್ಲಿರಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಜಾಗಕ್ಕೆ ಬಂದಿರುವ ವಿಂಡೋಸ್ 11 ಎಲ್ಲ ಯಂತ್ರಗಳಲ್ಲೂ ಕೂರುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರಾದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರ ಕೊನೆಯ ಭಾಗದಲ್ಲಿ. ಅದಕ್ಕೂ ಮೊದಲು ಕೊಂಡ, ಅಥವಾ ಯಾರೋ ಕೊಟ್ಟುಹೋದ ಕಂಪ್ಯೂಟರುಗಳಿರುವ ಶಾಲೆಗಳು ಈಗ ಏನಾದರೊಂದು ತೀರ್ಮಾನ ಮಾಡಲೇಬೇಕು. ಹೊಸ ಯಂತ್ರ ಕೊಳ್ಳಬಹುದು. ಅಪ್‌ಡೇಟ್ ಇಲ್ಲದೆ ಹಾಗೇ ಓಡಿಸಬಹುದು. ಮೈಕ್ರೋಸಾಫ್ಟ್ ಶಿಕ್ಷಣ ಸಂಸ್ಥೆಗಳಿಗೆ ಇಟ್ಟಿರುವ ವಿಸ್ತರಣೆಯನ್ನು ಪಡೆಯಬಹುದು. ಅದಕ್ಕೆ ಯಂತ್ರವೊಂದಕ್ಕೆ ಮೊದಲ ವರ್ಷ ಒಂದು ಡಾಲರ್, ಎರಡನೇ ವರ್ಷ ಎರಡು, ಮೂರನೇ ವರ್ಷ ನಾಲ್ಕು. ಬೆಲೆ ಹೆಚ್ಚಲ್ಲ, ಆದರೆ ಮೂರು ವರ್ಷಕ್ಕೆ ಆ ದಾರಿ ಮುಗಿಯುತ್ತದೆ. ಇನ್ನುಳಿದದ್ದು, ಉಬುಂಟು, ಡೆಬಿಯನ್, ಬಾಸ್ ಮುಂತಾದ, ಲಿನಕ್ಸ್ ತಿರುಳಿನ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಒಂದನ್ನು ಆ ಯಂತ್ರಕ್ಕೆ ಹಾಕುವುದು.

ಶಾಲೆಗೆ ವಿಂಡೋಸೋ ಮುಕ್ತ ತಂತ್ರಾಂಶವೋ ಎಂದು ಇಪ್ಪತ್ತೈದು ವರ್ಷಗಳಿಂದ ನಡೆಯುತ್ತಿರುವ ವಾದ ಹೀಗೆ ತಾರೀಖು ಹಾಕಿಕೊಂಡು ಶಾಲೆಯ ಬಾಗಿಲಿಗೆ ಬಂದಿದೆ. ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಆ ವಾದವನ್ನು ನೋಡಬೇಕು ಎಂಬುದು ನನ್ನ ಆಸೆ. ಕಾರಣವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಮೊದಲು ಕಚೇರಿ ತೆರೆದದ್ದು ದಂಡಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಬೆಂಗಳೂರು ಕೇಂದ್ರ ಹಳೇ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿಯಲ್ಲಿದೆ. ಅದೇ ಸಂಸ್ಥೆಯ ಚೆನ್ನೈ ಕೇಂದ್ರ ಬಾಸ್ ಎಂಬ ಭಾರತೀಯ ಲಿನಕ್ಸನ್ನು ಸಿದ್ಧಪಡಿಸಿತು, ಶಾಲೆಗಳಿಗೆಂದೇ ಎಜುಬಾಸ್ ಎಂಬ ಆವೃತ್ತಿಯನ್ನೂ ಮಾಡಿತು. ಕೆ.ಆರ್. ಪುರದ ದಾರಿ ಹಿಡಿದರೆ 1948ರಲ್ಲಿ ಹುಟ್ಟಿದ ಐಟಿಐ ಕಾರ್ಖಾನೆಯ ದೂರವಾಣಿನಗರ, ಅದರಾಚೆ ವೈಟ್‌ಫೀಲ್ಡಿನ ಐಟಿಪಿಎಲ್. ಇಂಥ ಕಚೇರಿಗಳ ಸರ್ವರುಗಳಲ್ಲಿ ಬಹಳಷ್ಟು ಓಡುವುದು ಲಿನಕ್ಸ್ ಮೇಲೆ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟು ಬೇರೊಂದಿಲ್ಲ. ಮಕ್ಕಳ ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಶಾಲೆಯ ಲ್ಯಾಬಿಗೆ ಮಾತ್ರ ಅದು ಅಪರಿಚಿತ.

ಈ ಭಾಗದ ಸರ್ಕಾರಿ ಶಾಲೆಗಳ ಲ್ಯಾಬುಗಳಿಗೆ ಕಂಪ್ಯೂಟರು ಬರುವ ಬಗೆಯನ್ನು ಮೊದಲು ನೋಡೋಣ. ಸರ್ಕಾರದ ಯೋಜನೆಯಲ್ಲಿ ಬಂದವು ಕೆಲವು. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಇಂದಿರಾನಗರದ ಕಂಪನಿಗಳು ತಮ್ಮ ನೌಕರರು ನಾಲ್ಕೈದು ವರ್ಷ ಬಳಸಿದ ಯಂತ್ರಗಳನ್ನು ಸಿಎಸ್‌ಆರ್ ಲೆಕ್ಕದಲ್ಲಿ ಕೊಡುವುದು ಇನ್ನು ಕೆಲವು. ಕೊಡುವ ಮೊದಲು ಕಂಪನಿಯವರು ಡಿಸ್ಕನ್ನು ಪೂರ್ತಿ ಅಳಿಸುತ್ತಾರೆ. ಅವರ ಗುಟ್ಟು ಹೊರಗೆ ಹೋಗಬಾರದು, ಅದು ಸರಿಯೇ. ಆದರೆ ದೊಡ್ಡ ಕಂಪನಿಗಳು ವಿಂಡೋಸ್ ಮತ್ತು ಆಫೀಸನ್ನು ಸಗಟು ಪರವಾನಗಿಯಲ್ಲಿ ಪಡೆದಿರುತ್ತವೆ. ಆ ಪರವಾನಗಿ ಕಂಪನಿಯದು, ಯಂತ್ರದ ಬೆನ್ನಿಗೆ ಅಂಟಿಕೊಂಡು ಶಾಲೆಗೆ ಬರುವುದಿಲ್ಲ. ಯಂತ್ರದ ಜೊತೆಗೇ ಮಾರಿದ ಮೂಲ ವಿಂಡೋಸ್ ಪರವಾನಗಿ ಇದ್ದರೂ ಅದು ಹಳೆಯ ಆವೃತ್ತಿಯದಾಗಿರುತ್ತದೆ, ಆಫೀಸಂತೂ ಇರುವುದೇ ಇಲ್ಲ. ಉದ್ಘಾಟನೆಯ ಟೇಪು ಕತ್ತರಿಸಿ, ಫೋಟೊ ತೆಗೆದು ಎಲ್ಲರೂ ಹೋದ ಮೇಲೆ ಮುಖ್ಯ ಶಿಕ್ಷಕರ ಮುಂದೆ ಉಳಿಯುವುದು ಖಾಲಿ ಡಿಸ್ಕಿನ ಹತ್ತು ಕಂಪ್ಯೂಟರು. ಆಮೇಲೆ ಎಲ್ಲ ಕಡೆ ನಡೆಯುವುದೇ ಇಲ್ಲೂ ನಡೆಯುತ್ತದೆ: ರಿಪೇರಿ ಮಾಡುವ ಹುಡುಗ ಪೆನ್‌ಡ್ರೈವಿನಲ್ಲಿ ತಂದ ಕ್ರ್ಯಾಕ್ ಮಾಡಿದ ವಿಂಡೋಸನ್ನು ಎಲ್ಲಕ್ಕೂ ಹಾಕಿ ಕೊಟ್ಟುಹೋಗುತ್ತಾನೆ.

ಈ ವಿಷಯವನ್ನು ನಾವು ಲಘುವಾಗಿ ತೆಗೆದುಕೊಳ್ಳುತ್ತೇವೆ, ತೆಗೆದುಕೊಳ್ಳಬಾರದು. ಮಕ್ಕಳಿಗೆ ನಕಲು ಹೊಡೆಯಬೇಡಿ ಎಂದು ಹೇಳುವ ಕಟ್ಟಡದಲ್ಲಿ ಪ್ರತಿಯೊಂದು ಪರದೆಯೂ ಕದ್ದ ಸಾಮಾನು ಎಂದರೆ ಅದು ಸಣ್ಣ ಮಾತಲ್ಲ. ನೀತಿಯನ್ನು ಪಕ್ಕಕ್ಕಿಟ್ಟರೂ, ಕ್ರ್ಯಾಕ್ ಮಾಡಿದ ಪ್ರತಿಗಳಲ್ಲಿ ಅಪ್‌ಡೇಟನ್ನು ನಿಲ್ಲಿಸಿಡುವುದೇ ರೂಢಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ, ಕಡತಗಳನ್ನು ಒತ್ತೆಯಿಟ್ಟುಕೊಳ್ಳುವ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಅಪ್‌ಡೇಟ್ ಮಾಡದ ವಿಂಡೋಸ್ ಯಂತ್ರಗಳ ಮೂಲಕ. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಬಿಟ್ಟಿತ್ತು. ಶಾಲೆಯಲ್ಲಿ ಇನ್ನೂ ಸರಳವಾದ ಪಿಡುಗಿದೆ. ಒಂದು ಪೆನ್‌ಡ್ರೈವ್ ಆಫೀಸಿನಿಂದ ಲ್ಯಾಬಿಗೆ, ಲ್ಯಾಬಿನಿಂದ ಜೆರಾಕ್ಸ್ ಅಂಗಡಿಗೆ ಓಡಾಡಿ ಎಲ್ಲ ಫೋಲ್ಡರುಗಳನ್ನೂ ಶಾರ್ಟ್‌ಕಟ್ ಮಾಡಿಬಿಡುತ್ತದೆ. ಉಬುಂಟು ಹಾಕಿದ ಯಂತ್ರಕ್ಕೆ ಆ ಕಾಯಿಲೆ ಅಂಟುವುದಿಲ್ಲ. ಲಿನಕ್ಸಿಗೆ ವೈರಸ್ಸೇ ಇಲ್ಲ ಎನ್ನುವುದು ಉತ್ಪ್ರೇಕ್ಷೆ. ಆದರೆ ಶಾಲೆಯ ಮಟ್ಟಿಗೆ ಈ ಒಂದು ಲಾಭವೇ ವರ್ಷಕ್ಕೆ ಎಷ್ಟೋ ದಿನಗಳ ಲ್ಯಾಬ್ ಪಾಠವನ್ನು ಉಳಿಸುತ್ತದೆ.

ಈ ಪ್ರಶ್ನೆಗೆ ಪುಸ್ತಕದಲ್ಲಲ್ಲ, ನೆಲದ ಮೇಲೆ ಉತ್ತರ ಕಂಡುಕೊಂಡ ಕನ್ನಡ ಶಾಲೆಗಳಿವೆ. ಅವು ಕರ್ನಾಟಕದಲ್ಲಿಲ್ಲ, ಕೇರಳದ ಕಾಸರಗೋಡಿನಲ್ಲಿವೆ. ಕೇರಳ ಸರ್ಕಾರ 2001-02ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು. ಅದಕ್ಕೆ ತಳಹದಿ ಹಾಕಿದ ಕಾರ್ಯಪಡೆಯ ಅಧ್ಯಕ್ಷರು ನಮ್ಮ ಉಡುಪಿ ಕಡೆಯ ಅದಮಾರಿನವರೇ ಆದ ಪ್ರೊ. ಯು.ಆರ್. ರಾವ್, ಇಸ್ರೊದ ಅಧ್ಯಕ್ಷರಾಗಿದ್ದವರು. ಮೊದಮೊದಲು ಅಲ್ಲೂ ವಿಂಡೋಸೇ ಪಾಠವಾಗಿತ್ತು. ಒಂದೇ ಕಂಪನಿಯ ಸರಕನ್ನು ಪಠ್ಯವಾಗಿ ಕಲಿಸುವುದನ್ನು ಶಿಕ್ಷಕರ ಸಂಘಟನೆಯೇ ಪ್ರಶ್ನಿಸಿತು. ಅದೇ 2001ರಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವನ್ನು ಉದ್ಘಾಟಿಸಿದ್ದರು. ಮುಂದಿನ ಕೆಲವೇ ವರ್ಷಗಳಲ್ಲಿ ಕೇರಳ ತನ್ನ ಶಾಲೆಗಳಿಗೆಂದೇ ಒಂದು ಲಿನಕ್ಸನ್ನು ಕಟ್ಟಿಕೊಂಡಿತು. 2008ರ ಹೊತ್ತಿಗೆ ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆ ಪೂರ್ತಿಯಾಗಿ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತಿತ್ತು. ಐಟಿ@ಸ್ಕೂಲ್ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು.

ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಇದರ ಭಾಗವೇ ಆಗಿದ್ದಾರೆ. ಅವರ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಪಠ್ಯಪುಸ್ತಕ ಕನ್ನಡದಲ್ಲಿ ಅಚ್ಚಾಗುತ್ತದೆ. ಇಂಕ್‌ಸ್ಕೇಪಿನಲ್ಲಿ ಚಿತ್ರ ಬಿಡಿಸುವುದು, ಜಿಯೊಜೀಬ್ರಾದಲ್ಲಿ ರೇಖಾಗಣಿತ, ಕ್ಯೂಜಿಐಎಸ್‌ನಲ್ಲಿ ನಕಾಶೆ, ಪೈಥಾನಿನಲ್ಲಿ ಪ್ರೋಗ್ರಾಮ್ ಬರೆಯುವುದು, ಇವೆಲ್ಲ ಪ್ರೌಢಶಾಲೆಯ ಪಾಠಗಳಾಗಿ ಬಂದವು. ಕಲಿಸುವವರು ಹೊರಗಿನ ಗುತ್ತಿಗೆಯವರಲ್ಲ. ಗಣಿತದ ಮೇಷ್ಟ್ರು, ಸಮಾಜದ ಟೀಚರು. ಅವರಿಗೆ ತರಬೇತಿ ಕೊಡುವವರೂ ಶಿಕ್ಷಕರಲ್ಲಿಂದಲೇ ಆಯ್ದುಬಂದವರು. ಪುಸ್ತಕ, ಪರೀಕ್ಷೆ, ತಂತ್ರಾಂಶ, ತರಬೇತಿ ನಾಲ್ಕೂ ಒಂದೇ ಸೂರಿನಡಿ ಇದ್ದದ್ದರಿಂದ ಅಲ್ಲಿ ಲಿನಕ್ಸ್ ನಿಂತಿತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದರ ಮುಕ್ಕಾಲು ಭಾಗ ಇದೇ.

ಕೈಟ್ 2019ರಲ್ಲಿ ಕೊಟ್ಟ ಲೆಕ್ಕವೊಂದು ದೇಶದಲ್ಲೆಲ್ಲ ಸುದ್ದಿಯಾಯಿತು: ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಮುಕ್ತ ತಂತ್ರಾಂಶ ಹಾಕಿದ್ದರಿಂದ 3000 ಕೋಟಿ ರೂಪಾಯಿ ಉಳಿತಾಯ. ಭಾಗಿಸಿ ನೋಡಿದರೆ ಯಂತ್ರವೊಂದಕ್ಕೆ ಒಂದೂವರೆ ಲಕ್ಷ ರೂಪಾಯಿ ಬರುತ್ತದೆ. ಕಾರ್ಯಾಚರಣ ವ್ಯವಸ್ಥೆಯ ಜೊತೆಗೆ ಚಿತ್ರ, ಧ್ವನಿ, ವಿಡಿಯೊ, ನಕಾಶೆಯ ತಂತ್ರಾಂಶಗಳನ್ನೆಲ್ಲ ಒಂದೊಂದಾಗಿ ಕೊಂಡಿದ್ದರೆ ಅಷ್ಟಾಗುತ್ತಿತ್ತು ಎಂಬ ಲೆಕ್ಕ ಅದು. ಯಾವ ಸರ್ಕಾರಿ ಶಾಲೆಯೂ ಹಾಗೆ ಕೊಳ್ಳುವುದಿಲ್ಲ, ಕೊಳ್ಳದೆ ಸುಮ್ಮನಿರುತ್ತದೆ. ಹಾಗಾಗಿ ಹಣದ ವಾದವನ್ನು ನಾನು ಇನ್ನೊಂದು ಬದಿಯಿಂದ ಹೇಳುತ್ತೇನೆ. ಕಾಸರಗೋಡಿನ ಹಳ್ಳಿಯ ಹುಡುಗಿಗೆ ನಕಾಶೆ ಮಾಡುವ, ಅನಿಮೇಷನ್ ಮಾಡುವ, ಧ್ವನಿ ಸಂಪಾದಿಸುವ ಸಲಕರಣೆ ಸಿಕ್ಕಿತು. ಬೆಂಗಳೂರಿನ ಹಲಸೂರಿನ ಹುಡುಗಿಗೆ ವರ್ಡ್ ಮತ್ತು ಪೇಂಟ್ ಸಿಕ್ಕಿತು. ಉಳಿತಾಯದ ಅಂಕಿಗಿಂತ ಈ ಅಂತರ ನನ್ನನ್ನು ಹೆಚ್ಚು ಕಾಡುತ್ತದೆ.

ಕರ್ನಾಟಕದ ಕತೆ ಬೇರೆ ದಾರಿ ಹಿಡಿಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2001ರ ಸುಮಾರಿಗೆ, ಇಲ್ಲಿ ‘ಮಾಹಿತಿ ಸಿಂಧು’ ಆರಂಭವಾಯಿತು: ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ, ಅದನ್ನು ನಡೆಸುವ ಹೊಣೆ ಖಾಸಗಿ ಕಂಪನಿಗಳದು. ಆಮೇಲಿನ ಐಸಿಟಿ ಯೋಜನೆಗಳೂ ಬಹುಮಟ್ಟಿಗೆ ‘ಬೂಟ್’ ಮಾದರಿಯವು. ಕಂಪನಿ ಲ್ಯಾಬ್ ಕಟ್ಟುತ್ತದೆ, ಬೋಧಕನನ್ನು ನೇಮಿಸುತ್ತದೆ, ಐದು ವರ್ಷ ನಡೆಸಿ ಶಾಲೆಗೆ ಬಿಟ್ಟುಕೊಡುತ್ತದೆ. ಆ ಐದು ವರ್ಷ ಲ್ಯಾಬಿನ ಬೀಗದ ಕೈ ಗುತ್ತಿಗೆಯ ಬೋಧಕನ ಹತ್ತಿರ. ಗಣಿತದ ಮೇಷ್ಟ್ರು ಒಳಗೆ ಹೋಗಬೇಕಾದರೆ ಅವನನ್ನು ಕೇಳಬೇಕು. ಅವನಿಗೆ ಸಂಬಳ ಕಡಿಮೆ, ಶಾಲೆಯಲ್ಲಿ ಸ್ಥಾನವಿಲ್ಲ. ಗುತ್ತಿಗೆ ಮುಗಿದ ದಿನ ಬೋಧಕ ಹೋದ, ನಿರ್ವಹಣೆಯ ಒಪ್ಪಂದ (ಎಎಂಸಿ) ಹೋಯಿತು, ಯಂತ್ರಗಳು ಧೂಳು ಹೊದ್ದು ಕುಳಿತವು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಹೊರಗುತ್ತಿಗೆಯ ಮಾದರಿಯನ್ನೂ ಕೇರಳದ ಮಾದರಿಯನ್ನೂ ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿತು. ಶಿಕ್ಷಕರನ್ನೇ ನಡುವೆ ನಿಲ್ಲಿಸಿದ ಮಾದರಿ ಗೆದ್ದದ್ದು ಅದರಲ್ಲಿ ಎದ್ದು ಕಾಣುತ್ತದೆ.

ಆದರೂ ಕರ್ನಾಟಕ ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. ನಮ್ಮಲ್ಲಿ ಆದದ್ದನ್ನು ನಾವೇ ಮರೆತುಬಿಡುತ್ತೇವೆ ಎಂಬುದು ನನ್ನ ಸಂಕಟ. 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ಪ್ರೌಢಶಿಕ್ಷಣ ಯೋಜನೆಯಾದ ಆರ್‌ಎಂಎಸ್‌ಎ ಮತ್ತು ಐಟಿ ಫಾರ್ ಚೇಂಜ್ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಕಟ್ಟಿದರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಉಬುಂಟು ಕಲಿತರು, ಜಿಯೊಜೀಬ್ರಾದಲ್ಲಿ ಪಾಠ ಮಾಡಿದರು, ಪ್ರಶ್ನೆಪತ್ರಿಕೆಗಳನ್ನು, ಟಿಪ್ಪಣಿಗಳನ್ನು ಪರಸ್ಪರ ಹಂಚಿಕೊಂಡರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಭಂಡಾರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೆಳೆಯಿತು. ಬೆಂಗಳೂರಿನ ಇನ್ನೊಂದು ತುದಿಯ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ, ಸ್ವತಂತ್ರ ತಂತ್ರಾಂಶ ಚಳವಳಿಯ ಯುವಕರು ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಸಿ, ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಹಾಕಿ ಅಲ್ಲಿನ ಮಕ್ಕಳಿಗೆ ಕಲಿಸಿದರು. ಇವೆಲ್ಲ ಒಂದೊಂದು ಕಡೆ ಚೆನ್ನಾಗಿ ನಡೆದವು. ಆದರೆ ಮೇಷ್ಟ್ರು ತರಬೇತಿಯಲ್ಲಿ ಉಬುಂಟು ಕಲಿತು ಶಾಲೆಗೆ ಮರಳಿದಾಗ ಲ್ಯಾಬು ಇನ್ನಾರದೋ ಕೈಯಲ್ಲಿತ್ತು, ಪಠ್ಯಪುಸ್ತಕದಲ್ಲಿ ಆ ಕಲಿಕೆಗೆ ಜಾಗವಿರಲಿಲ್ಲ, ಎಸ್‌ಎಸ್‌ಎಲ್‌ಸಿಯಲ್ಲಿ ಅಂಕವಿರಲಿಲ್ಲ. ಕೇರಳ ಒಟ್ಟಿಗೆ ಕಟ್ಟಿದ ನಾಲ್ಕರಲ್ಲಿ ನಮಗೆ ದಕ್ಕಿದ್ದು ತರಬೇತಿ ಒಂದೇ.

ಕಾಗದದ ಮೇಲೆ ನೀತಿಗೆ ಕೊರತೆಯಿಲ್ಲ. ಶಾಲಾ ಶಿಕ್ಷಣದಲ್ಲಿ ಐಸಿಟಿ ಕುರಿತ 2012ರ ರಾಷ್ಟ್ರೀಯ ನೀತಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಅದೇ ಮಾತನ್ನು 2015ರ ನೀತಿ ಹೇಳುತ್ತದೆ. 2023ರಲ್ಲಿ ರಕ್ಷಣಾ ಸಚಿವಾಲಯ ವಿಂಡೋಸ್ ಬಿಟ್ಟು ಉಬುಂಟು ಆಧಾರಿತ ಮಾಯಾ ಓಎಸ್ ಕಡೆಗೆ ಹೊರಟಿತು. ಇತ್ತ ಬೆಂಗಳೂರಿನ ಪಾಲಿಕೆ ಬಿಬಿಎಂಪಿ 2018ರಲ್ಲಿ ತನ್ನ ಶಾಲೆಗಳಿಗಾಗಿ ಮೈಕ್ರೋಸಾಫ್ಟ್ ಮತ್ತು ಇನ್ನೊಂದು ಸಂಸ್ಥೆಯೊಂದಿಗೆ ‘ರೋಶನಿ’ ಯೋಜನೆಯಲ್ಲಿ ಕೈಜೋಡಿಸಿತು. ಪಾಲುದಾರ ಬಂದಾಗ ಅವನ ತಂತ್ರಾಂಶವೂ ಜೊತೆಗೇ ಬರುವುದು ಸಹಜ. ಅದಕ್ಕೆ ಪಾಲುದಾರನನ್ನು ದೂರಿ ಪ್ರಯೋಜನವಿಲ್ಲ. ಯಾವ ತಂತ್ರಾಂಶ ಬೇಕು ಎಂಬುದನ್ನು ಶಿಕ್ಷಣ ಇಲಾಖೆ, ಪಾಲಿಕೆ ಮೊದಲೇ ತೀರ್ಮಾನಿಸಿ ಕುಳಿತಿರಬೇಕು.

ಇನ್ನು ಭಾಷೆ. ದಂಡು ಪ್ರದೇಶಕ್ಕೆ ಬಂದರೆ ಈ ಪ್ರಶ್ನೆಯ ಬಣ್ಣವೇ ಬೇರೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಾಗಿನಿಂದ ಶಿವಾಜಿನಗರ, ಹಲಸೂರು, ಆಮೇಲೆ ಹುಟ್ಟಿದ ಫ್ರೇಜರ್ ಟೌನುಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷು ಒಟ್ಟಿಗೆ ಬಾಳಿವೆ. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ಪಾಲಿಕೆಗೆ ಸೇರಿದ ಮೇಲೂ ಆ ಬೆರಕೆ ಹಾಗೇ ಉಳಿಯಿತು. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಉರ್ದು ಮಾಧ್ಯಮವಿದೆ, ತಮಿಳು ಮಾಧ್ಯಮವಿದೆ. ಆ ಮಕ್ಕಳೆಲ್ಲರೂ ಕನ್ನಡವನ್ನೂ ಕಲಿಯುತ್ತಾರೆ. ಈ ಪ್ರದೇಶದ ಲ್ಯಾಬೊಂದರಲ್ಲಿ ಬೆಳಗಿನ ಮೊದಲ ಪೀರಿಯಡ್ಡಿಗೆ ಬಲದಿಂದ ಎಡಕ್ಕೆ ಬರೆಯುವ ಲಿಪಿ ಬೇಕು, ಎರಡನೆಯದಕ್ಕೆ ಕನ್ನಡ ಬೇಕು.

ಕನ್ನಡದ ಗಣಕ ಚರಿತ್ರೆ ವಿಂಡೋಸಿನ ಸುತ್ತ ಬೆಳೆದದ್ದು ನಿಜ. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಎರಡೂ ವಿಂಡೋಸಿಗೆ ಬಂದವು. ನಾಡಿಗೆಲ್ಲ ಕನ್ನಡ ಟೈಪಿಂಗ್ ಕಲಿಸಿದ ಪುಣ್ಯ ಅವುಗಳದ್ದು. ಆದರೆ ಹಳೆಯ ನುಡಿ, ಶ್ರೀಲಿಪಿಗಳಲ್ಲಿ ಅಕ್ಷರ ಉಳಿಯುವುದು ಫಾಂಟಿನ ಆಧಾರದ ಮೇಲೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಬಂದ ಮೇಲೆ ಈ ಕಷ್ಟ ಕಳೆಯಬೇಕಿತ್ತು. ಎಷ್ಟೋ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ, ಸುತ್ತೋಲೆ ಇವತ್ತಿಗೂ ನುಡಿಯ ಹಳೆಯ ಫಾಂಟುಗಳಲ್ಲೇ ಇವೆ. ಉರ್ದು ಶಿಕ್ಷಕರದ್ದೂ ಇದೇ ಪಾಡು, ಅವರ ಕಡತಗಳೆಲ್ಲ ವಿಂಡೋಸಿಗೆ ಅಂಟಿದ ಇನ್‌ಪೇಜಿನಲ್ಲಿವೆ. ಲಿನಕ್ಸಿಗೆ ಹೋಗೋಣ ಎಂದಾಗ ಮೇಷ್ಟ್ರು ಮೊದಲು ಕೇಳುವುದು ‘ನನ್ನ ಹಳೇ ಫೈಲು ತೆರೆಯುತ್ತದೆಯೇ?’ ಎಂದು. ನುಡಿಯ ಕಡತಗಳಿಗೆ ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಬಿಟ್ಟಿರುವ ಪರಿವರ್ತಕವಿದೆ. ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸಬಹುದು, ಅಲ್ಲಲ್ಲಿ ತಿದ್ದಬೇಕಾಗುತ್ತದೆ. ಇನ್‌ಪೇಜ್ ಕಡತಗಳ ಕೆಲಸ ಇನ್ನೂ ಹೆಚ್ಚು. ಈ ಕೆಲಸವನ್ನು ಶಾಲೆಯ ಮೇಲೆ ಹೇರದೆ ಯಾರಾದರೂ ಒಂದು ಸಲ ಕೂತು ಮಾಡಿಕೊಡಬೇಕು. ವಿಂಡೋಸ್ ಬಿಡದಿದ್ದರೂ ಇದನ್ನು ಮಾಡಬೇಕಾದದ್ದೇ.

ಹೊಸದಾಗಿ ಕಲಿಯುವ ಮಗುವಿಗೆ ಈ ಭಾರವಿಲ್ಲ. ಲಿನಕ್ಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸ ಆ ಹೆಸರಿನಿಂದಲೇ ಇದೆ; ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದುಬಂದದ್ದು ಅದು. ಉರ್ದುವಿಗೆ ನಸ್ತಾಲಿಕ್ ಶೈಲಿಯ ನೋಟೊ ಫಾಂಟ್, ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು, ತಮಿಳಿಗೆ ತಮಿಳ್99 ಕೀಲಿಮಣೆ ಎಲ್ಲ ಕಾಸಿಲ್ಲದೆ ಸಿಗುತ್ತವೆ. ನ್ಯಾಯವಾಗಿ ಹೇಳಬೇಕೆಂದರೆ ಇವತ್ತಿನ ವಿಂಡೋಸಿನಲ್ಲೂ ಈ ಭಾಷೆಗಳನ್ನೆಲ್ಲ ಟೈಪ್ ಮಾಡಬಹುದು. ಮೆನುಗಳ ಕನ್ನಡದ ವಿಷಯದಲ್ಲಂತೂ ಲಿನಕ್ಸ್ ಪಕ್ಷದವರು ತಲೆತಗ್ಗಿಸಬೇಕು. ಸ್ವಯಂಸೇವಕರು ವರ್ಷಗಟ್ಟಲೆ ಅನುವಾದ ಮಾಡಿದರು, ಆಮೇಲೆ ಕೈಗಳು ಕಡಿಮೆಯಾದವು, ತಂತ್ರಾಂಶ ಮಾತ್ರ ಆರು ತಿಂಗಳಿಗೊಮ್ಮೆ ಬದಲಾಗುತ್ತ ಹೋಯಿತು. ಈಗ ಕನ್ನಡ ಆರಿಸಿದರೆ ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷು. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ ಬೆನ್ನಿಗಿತ್ತು, ಅದರ ಬೆನ್ನಿಗೆ ಲಕ್ಷಾಂತರ ಶಾಲಾ ಮಕ್ಕಳ ಬಳಕೆ ಇತ್ತು. ಕನ್ನಡದಲ್ಲಿ ದುಡಿದವರು ಬೆರಳೆಣಿಕೆಯಷ್ಟು ಜನ, ಕಾಸರಗೋಡನ್ನು ಬಿಟ್ಟರೆ ಬಳಸುವ ಶಾಲೆಗಳಿರಲಿಲ್ಲ. ಶಾಲೆಗಳು ಬಂದರೆ ಅನುವಾದವೂ ಬರುತ್ತದೆ ಎಂದು ನಾನು ನಂಬುತ್ತೇನೆ, ಏಕೆಂದರೆ ಇಲ್ಲಿ ತಪ್ಪು ಪದವನ್ನು ಕಂಡ ಶಿಕ್ಷಕಿ ತಾನೇ ತಿದ್ದಿ ಕಳಿಸಬಹುದು. ಬೇರೆ ಕಡೆ ಅವಳು ಕಂಪನಿಗೆ ಅರ್ಜಿ ಹಾಕಿ ಕಾಯಬೇಕು.

ಎದುರಿನ ವಾದಗಳಲ್ಲಿ ಅತ್ಯಂತ ಬಲವಾದದ್ದು ಕೆಲಸದ ವಾದ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿ, ರಸೆಲ್ ಮಾರುಕಟ್ಟೆಯ ಸಗಟು ವ್ಯಾಪಾರಿ, ಕೆ.ಆರ್. ಪುರದ ಗೋಡೌನು ಕೇಳುವುದು ಟ್ಯಾಲಿ ಬರುತ್ತದೆಯೇ, ಎಕ್ಸೆಲ್ ಬರುತ್ತದೆಯೇ ಎಂದು. ಟ್ಯಾಲಿ ಬೆಂಗಳೂರಿನದೇ ಕಂಪನಿ, ಅದರ ತಂತ್ರಾಂಶ ವಿಂಡೋಸಿಗೆ ಬರೆದದ್ದು. ತನ್ನ ಮಗ ಎಸ್‌ಎಸ್‌ಎಲ್‌ಸಿ ಆದ ಮೇಲೆ ಬೇಗ ಒಂದು ಕೆಲಸಕ್ಕೆ ಸೇರಲಿ ಎಂದು ಬಯಸುವ ತಾಯಿಗೆ ಸ್ವಾತಂತ್ರ್ಯದ ಉಪನ್ಯಾಸ ಕೊಡುವುದು ಸರಿಯಲ್ಲ. ಅವಳ ಚಿಂತೆ ನಿಜವಾದದ್ದು. ನನ್ನ ಉತ್ತರ ಹೀಗೆ. ಎಂಟನೇ ತರಗತಿಯಲ್ಲಿ ಟ್ಯಾಲಿ ಯಾರೂ ಕಲಿಸುವುದಿಲ್ಲ, ಕಲಿಸಬಾರದು. ಅದು ಕಾಮರ್ಸ್ ಓದುವಾಗ, ಲೆಕ್ಕಪತ್ರದ ತಲೆಬುಡ ಗೊತ್ತಾದ ಮೇಲೆ ಕೆಲವೇ ತಿಂಗಳಲ್ಲಿ ಬರುವ ಕೈಗೆಲಸ. ಎಕ್ಸೆಲಿನಲ್ಲಿ ಒಂದು ಕಾಲಮ್ಮಿನ ಮೊತ್ತ ತೆಗೆಯುವ ಸೂತ್ರ ಲಿಬ್ರೆ ಆಫೀಸಿನ ಕ್ಯಾಲ್ಕಿನಲ್ಲೂ ಅದೇ. ಸ್ಕೂಟರ್ ಕಲಿತವನು ಕಂಪನಿ ಬದಲಾದರೆ ಮತ್ತೆ ಬೀಳುವುದಿಲ್ಲ. ಅದೂ ಅಲ್ಲದೆ ಹನ್ನೆರಡರ ಹುಡುಗ ಕಲಿತ ಆವೃತ್ತಿಯ ಮೆನು ಅವನು ಕೆಲಸಕ್ಕೆ ಸೇರುವ ಹೊತ್ತಿಗೆ ಬದಲಾಗಿರುತ್ತದೆ. 2007ರ ಆಫೀಸಿನಲ್ಲಿ ರಿಬ್ಬನ್ ಬಂದು ಹಳಬರನ್ನೆಲ್ಲ ಹೊಸದಾಗಿ ಕೂರಿಸಿದ್ದು ನಮಗೆ ನೆನಪಿದೆ. ಇಷ್ಟಾದರೂ ಹತ್ತನೇ ತರಗತಿಯ ಮಕ್ಕಳಿಗೆ ಒಂದೆರಡು ವಿಂಡೋಸ್ ಯಂತ್ರಗಳ ಪರಿಚಯ ಇರಲಿ ಎಂದರೆ ನಾನು ಬೇಡವೆನ್ನುವುದಿಲ್ಲ.

ಎರಡನೆಯ ವಾದ ಕಚೇರಿಯದು, ಅದನ್ನು ಲಿನಕ್ಸ್ ಉತ್ಸಾಹಿಗಳು ಬೇಕೆಂದೇ ಕಡೆಗಣಿಸುತ್ತಾರೆ. ಶಾಲೆಯ ಕಂಪ್ಯೂಟರು ಪಾಠಕ್ಕೆ ಮಾತ್ರವಲ್ಲ. ಮಕ್ಕಳ ದಾಖಲಾತಿಯ ಎಸ್‌ಎಟಿಎಸ್, ಸಂಬಳದ ಎಚ್‌ಆರ್‌ಎಂಎಸ್, ಯು-ಡೈಸ್, ಬಿಸಿಯೂಟದ ಲೆಕ್ಕ ಎಲ್ಲವೂ ಅಲ್ಲೇ. ಇವುಗಳಲ್ಲಿ ಹೆಚ್ಚಿನವು ಈಗ ಬ್ರೌಸರಿನಲ್ಲಿ ತೆರೆಯುತ್ತವೆ, ಫೈರ್‌ಫಾಕ್ಸ್ ಸಾಕು. ತೊಡಕು ಬರುವುದು ಪ್ರಿಂಟರಿನಲ್ಲಿ. ನಮ್ಮ ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿಗೆ ಸುಲಭವಾಗಿ ಬಗ್ಗದ ಯಂತ್ರ. ಅದರ ಡ್ರೈವರ್ ಹಾಕುವುದು ಬಲ್ಲವರಿಗೂ ತಲೆನೋವು. ವರ್ಗಾವಣೆ ಪತ್ರ ಬೇಕೆಂದು ಪೋಷಕರು ಬಾಗಿಲಲ್ಲಿ ನಿಂತಿರುವಾಗ ಪ್ರಿಂಟರ್ ಕೈಕೊಟ್ಟರೆ ಆ ಮುಖ್ಯ ಶಿಕ್ಷಕರು ಮತ್ತೆಂದೂ ಲಿನಕ್ಸಿನ ಹೆಸರೆತ್ತುವುದಿಲ್ಲ. ಇಂಥ ಒಂದು ದಿನಕ್ಕೆ ಇಡೀ ಪ್ರಯತ್ನ ಬಿದ್ದುಹೋಗಬಲ್ಲದು.

ಲಿನಕ್ಸಿನಿಂದ ಹಿಂದಕ್ಕೆ ಹೋದವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಹತ್ತು ವರ್ಷ ಕಷ್ಟಪಟ್ಟು ಸುಮಾರು ಹದಿನೈದು ಸಾವಿರ ಯಂತ್ರಗಳನ್ನು ಬದಲಿಸಿ, 2017ರಲ್ಲಿ ವಿಂಡೋಸಿಗೇ ಮರಳಲು ಮತ ಹಾಕಿತು. ತಂತ್ರಾಂಶ ಕೆಟ್ಟದ್ದೋ ರಾಜಕೀಯ ಬದಲಾಯಿತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಡುವಿನ ದಾರಿ ಹಿಡಿದವರೂ ಇದ್ದಾರೆ: ನಮ್ಮ ನೆರೆಯ ತಮಿಳುನಾಡು 2011ರಿಂದ ವಿದ್ಯಾರ್ಥಿಗಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪುಗಳಲ್ಲಿ ಬಾಸ್ ಮತ್ತು ವಿಂಡೋಸ್ ಎರಡನ್ನೂ ಹಾಕಿತು. ಎರಡನ್ನೂ ಇಡೋಣ, ಬೇಕಾದ್ದನ್ನು ಬಳಸಲಿ ಎಂಬ ಸಲಹೆ ಕೇಳಲು ಚೆನ್ನ. ಆದರೆ ಮೇಷ್ಟ್ರಿಗೆ ಗೊತ್ತಿರುವುದನ್ನೇ ಮಕ್ಕಳು ತೆರೆಯುತ್ತಾರೆ, ಇನ್ನೊಂದು ಡಿಸ್ಕಿನ ಜಾಗ ತಿನ್ನುತ್ತ ಬಿದ್ದಿರುತ್ತದೆ. ಲ್ಯಾಬಿನಲ್ಲಿ ನಾನು ಎರಡನ್ನೂ ಇಡುವ ಪಕ್ಷದವನಲ್ಲ.

ಮಕ್ಕಳ ಮಾಹಿತಿಯ ವಿಷಯವೂ ಇದೆ. ವಿಂಡೋಸ್ 11ರ ಹೋಮ್ ಆವೃತ್ತಿ ಮೊದಲ ಸಲ ಹಾಕುವಾಗಲೇ ಇಂಟರ್‌ನೆಟ್ಟನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಯಾರ ಖಾತೆಯೂ ಇಲ್ಲದೆ, ನೆಟ್ ಇಲ್ಲದೆ ಹಾಕಿ ಓಡಿಸಬಹುದಾದ ವ್ಯವಸ್ಥೆ ಶಾಲೆಗೆ ಹೆಚ್ಚು ಹೊಂದುತ್ತದೆ.

ಹಾಗಾದರೆ ಬದಲಿಸಬೇಕೇ? ಬದಲಿಸಬೇಕು ಎಂದೇ ನನ್ನ ಉತ್ತರ. ಆದರೆ ಒಂದು ಸುತ್ತೋಲೆ ಹೊರಡಿಸಿ, ಒಂದು ಟೆಂಡರ್ ಕರೆದು, ರಜೆಯಲ್ಲಿ ಎಲ್ಲ ಡಿಸ್ಕುಗಳನ್ನು ಅಳಿಸಿ ಉಬುಂಟು ತುಂಬುವುದಾದರೆ ಬೇಡ. ಮೇಷ್ಟ್ರಿಗೆ ಗೊತ್ತಿಲ್ಲದ ಲಿನಕ್ಸು ಮೇಷ್ಟ್ರಿಗೆ ಗೊತ್ತಿಲ್ಲದ ವಿಂಡೋಸಿಗಿಂತ ಯಾವ ರೀತಿಯಲ್ಲೂ ಮೇಲಲ್ಲ. ಶಾಲೆಯ ಕಚೇರಿಯ ಯಂತ್ರವನ್ನು ಕಟ್ಟಕಡೆಗೆ ಬಿಡಿ, ಬೇಕಾದರೆ ಅದು ವಿಂಡೋಸಿನಲ್ಲೇ ಇರಲಿ. ಲ್ಯಾಬಿನಿಂದ ಹೊರಡಿ. ಮೊದಲು ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಡಿಸ್ಕಿಗೆ ಕೈ ಹಚ್ಚದೆ ವೈಫೈ, ಧ್ವನಿ, ಪ್ರೊಜೆಕ್ಟರ್ ಕೆಲಸ ಮಾಡುತ್ತವೆಯೇ ಎಂದು ತಿಳಿಯುತ್ತದೆ. ರ್‍ಯಾಮ್ 4 ಜಿಬಿಗಿಂತ ಕಡಿಮೆಯಿದ್ದರೆ ಉಬುಂಟು ಬೇಡ, ಹಗುರವಾದ ಲುಬುಂಟು ಅಥವಾ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಎಸ್‌.ಪಿ. ರಸ್ತೆಯಿಂದ ಒಂದೊಂದು ಎಸ್‌ಎಸ್‌ಡಿ ತಂದು ಹಳೆಯ ಹಾರ್ಡ್ ಡಿಸ್ಕಿನ ಬದಲು ಹಾಕಿದರೆ ಹತ್ತು ವರ್ಷದ ಯಂತ್ರವೂ ಲವಲವಿಕೆಯಿಂದ ಓಡುತ್ತದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಹಣದಲ್ಲಿ ಮೊದಲು ಮಾಡಬೇಕಾದ ಖರ್ಚು ಇದು.

ಬಿಬಿಎಂಪಿ ಹೋಗಿ 2025ರಲ್ಲಿ ಐದು ನಗರ ಪಾಲಿಕೆಗಳಾದವು. ಶಿವಾಜಿನಗರ ಕೇಂದ್ರ ಪಾಲಿಕೆಗೆ ಸೇರಿತು, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ಹೊಸ ಆಡಳಿತಗಳು ಮುಂದಿನ ಖರೀದಿಯ ಟೆಂಡರಿನಲ್ಲಿ ಎರಡು ಷರತ್ತು ಸೇರಿಸಲಿ: ಕೊಳ್ಳುವ ಪ್ರತಿ ಕಂಪ್ಯೂಟರು, ಪ್ರಿಂಟರು, ಪ್ರೊಜೆಕ್ಟರು ಲಿನಕ್ಸಿನಲ್ಲಿ ಓಡುವುದನ್ನು ಸರಬರಾಜುದಾರ ತೋರಿಸಿಕೊಡಬೇಕು, ನಿರ್ವಹಣೆಯ ಒಪ್ಪಂದ ಲಿನಕ್ಸ್ ಯಂತ್ರಗಳಿಗೂ ಅನ್ವಯಿಸಬೇಕು. ಕಂಪನಿಗಳಿಂದ ದಾನ ಪಡೆಯುವಾಗ ಯಂತ್ರಗಳ ಜೊತೆಗೆ ಕೆಲವು ತಿಂಗಳ ಕೈಸಹಾಯವನ್ನೂ ಕೇಳಲಿ. ಲಿನಕ್ಸ್ ಬಲ್ಲ ಎಂಜಿನಿಯರುಗಳು ಇಂದಿರಾನಗರ, ವೈಟ್‌ಫೀಲ್ಡಿನಲ್ಲಿರುವಷ್ಟು ದೇಶದ ಬೇರೆಡೆ ಸಿಗುವುದು ಕಷ್ಟ. ಅವರು ಮಕ್ಕಳಿಗೆ ಒಂದು ದಿನದ ಕೋಡಿಂಗ್ ಕಾರ್ಯಕ್ರಮ ಮಾಡಿ ಟೀಶರ್ಟ್ ಹಂಚುವುದಕ್ಕಿಂತ, ಒಬ್ಬ ವಿಜ್ಞಾನ ಶಿಕ್ಷಕಿಯ ಪಕ್ಕ ಒಂದು ಟರ್ಮ್ ಪೂರ್ತಿ ಕುಳಿತರೆ ಉಪಕಾರವಾಗುತ್ತದೆ. ಡಿಎಸ್‌ಇಆರ್‌ಟಿ ಮಾಡಬೇಕಾದ್ದು ಪ್ರೌಢಶಾಲೆಗೆ ಕನ್ನಡದ ಒಂದು ಐಸಿಟಿ ಪಠ್ಯ, ಅದಕ್ಕೆ ಅಂಕವಿರುವ ಪ್ರಾಯೋಗಿಕ ಪರೀಕ್ಷೆ. ಮಾದರಿಗೆ ದೂರ ಹೋಗಬೇಕಿಲ್ಲ: ಕಾಸರಗೋಡಿನ ಕನ್ನಡ ಶಾಲೆಗಳ ಪುಸ್ತಕವನ್ನು ತರಿಸಿ, ಅಲ್ಲಿ ಅದನ್ನು ಕಲಿಸುತ್ತಿರುವ ಮೇಷ್ಟ್ರುಗಳನ್ನೇ ನಮ್ಮವರಿಗೆ ತರಬೇತಿ ಕೊಡಲು ಕರೆಯಬಹುದು.